ಬುಧವಾರದ ನರ್ಸಮ್ಮ

ಶೆದ್ಲಿಯಾ ನಮ್ಮ ಹಳ್ಳಿ ಐನ್ ರೆತ್ಮಕ್ಕೆ ಮೊದಲ ಬಾರಿಗೆ ಬಂದದ್ದು ರವೆಯ ಮೂಟೆ ಸಾಗಿಸುವ ಲಾರಿಯಲ್ಲಿ. ಎಂಬತ್ತಮೂರನೆಯ ಇಸವಿ, ಕಳ್ಳಿಹಣ್ಣಿನ ಕಾಲ ಮುಗಿಯುತ್ತ ಬಂದಿತ್ತು. ಲಾರಿ ಶಾಲೆಯ ಮುಂದೆ ನಿಂತಾಗ ಕೆಳಗಿಳಿದ ಹುಡುಗಿಗೆ ತಲೆಯಿಂದ ಕಾಲಿನವರೆಗೆ ರವೆಯ ಧೂಳು. ಅದನ್ನೇ ನರ್ಸಿನ ಬಿಳಿ ಉಡುಪು ಎಂದುಕೊಂಡ ಮಕ್ಕಳು ಕಿಟಕಿಯಿಂದ ಹಾರಿ ಓಡಿದರು. ಅವಳ ಕೈಯಲ್ಲಿದ್ದ ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಸೂಜಿಮದ್ದು ಇದೆ ಎಂಬ ಸುದ್ದಿ ಅವಳಿಗಿಂತ ಮೊದಲೇ ಊರು ಸೇರಿತ್ತು.

ತರಗತಿಯಲ್ಲಿ ಉಳಿದವರು ಹೆಡ್ ಮೇಷ್ಟ್ರು ಒಬ್ಬರೇ.

"ಮಕ್ಕಳು ಹೆದರ್ತಾರಮ್ಮ, ಇನ್ನೊಂದು ದಿನ ಬಂದ್ರೆ ಒಳ್ಳೇದಿತ್ತು," ಎಂದರು ಅವರು.

"ಹೆದರೋದು ಮಕ್ಕಳೋ ನೀವೋ ಮೇಷ್ಟ್ರೇ? ಮೊದಲು ನೀವು ತೋಳು ಮಡಿಸಿ. ನಿಮ್ಮನ್ನ ನೋಡಿದ್ರೆ ಅವರಿಗೂ ಧೈರ್ಯ ಬರತ್ತೆ."

ಕಿಟಕಿಯ ಹೊರಗೆ ತಲೆಗಳು ಒಂದೊಂದಾಗಿ ಮೂಡಿದವು. ಮರ್ಯಾದೆಯ ಪ್ರಶ್ನೆಯಾದ್ದರಿಂದ ಮೇಷ್ಟ್ರು ತೋಳು ಮಡಿಸಿ, ಮುಖವನ್ನು ಗೋಡೆಯ ಭೂಪಟದ ಕಡೆಗೆ ತಿರುಗಿಸಿ, ಕಣ್ಣು ಮುಚ್ಚಿದರು. ಸೂಜಿ ಹೊರಬಂದ ಮೇಲೂ ತೆರೆಯಲಿಲ್ಲ.

"ಆಯ್ತು ಮೇಷ್ಟ್ರೇ."

"ಗೊತ್ತು ಗೊತ್ತು. ಸಿಸಿಲಿ ಎಲ್ಲಿದೆ ಅಂತ ನೋಡ್ತಿದ್ದೆ."

"ಕಣ್ಣು ಮುಚ್ಕೊಂಡಾ?"

ಹೊರಗಿನಿಂದ ನಗು ಕೇಳಿಸಿತು. ಆ ನಗುವಿನ ಬೆನ್ನಿಗೇ ಮಕ್ಕಳು ಒಳಗೆ ಬಂದರು. ಅವತ್ತೇ ಶೆದ್ಲಿಯಾ ಊರಿನ ನರ್ಸಮ್ಮ ಆದಳು.

ಉಳಿದುಕೊಳ್ಳಲು ಅವಳಿಗೆ ಕೋಣೆ ಕೊಟ್ಟವಳು ವಿಧವೆ ತೆಬ್ರಾ. ಊರಿಗೆಲ್ಲ ಅವಳು ಅತ್ತೆ. ಮಾತು ಒರಟು, ಕೈ ಮಾತ್ರ ಬೆಣ್ಣೆ. ಅವಳು ಮಣ್ಣಿನ ಒಲೆಯ ಗೋಡೆಗೆ ಅಂಟಿಸಿ ಸುಟ್ಟ ರೊಟ್ಟಿಯನ್ನು ನೆಂಚಿಕೊಳ್ಳಲು ಏನೂ ಇಲ್ಲದೆ ತಿನ್ನಬಹುದಿತ್ತು. ಎರಡು ವರ್ಷ ಕಳೆಯುವುದರೊಳಗೆ ಶೆದ್ಲಿಯಾ ಅವಳ ತಮ್ಮನ ಮಗನನ್ನೇ ಮದುವೆಯಾದಳು. ಬಾಡಿಗೆಗೆ ಬಂದವಳು ಹೀಗೆ ಸೊಸೆಯಾದಳು.

ಶಾಲೆಯ ಪಕ್ಕದಲ್ಲಿ ಎರಡು ಕೋಣೆಯ ದವಾಖಾನೆ ಕಟ್ಟಿದ್ದರು. ಹಳ್ಳಿಗೊಬ್ಬಳು ನರ್ಸು, ವಾರದಲ್ಲಿ ಒಂದು ಗೊತ್ತಾದ ದಿನ ಒಬ್ಬ ಡಾಕ್ಟರು, ಹುಟ್ಟುವ ಮಗುವಿಗೂ ಸಾಯುವ ಮುದುಕಿಗೂ ಅದೇ ಬಾಗಿಲು: ಇದು ಆ ಕಾಲದ ಸರ್ಕಾರ ಮಾಡಿದ ನಿರ್ಧಾರ. ರಾಜಧಾನಿಯ ಕಾಗದಗಳಲ್ಲಿ ಅದಕ್ಕೊಂದು ದೊಡ್ಡ ಹೆಸರಿತ್ತು. ಐನ್ ರೆತ್ಮದಲ್ಲಿ ಡಾಕ್ಟರು ಬರುವ ದಿನವೇ ಅದರ ಹೆಸರಾಯಿತು: 'ಬುಧವಾರ'. "ನಿನ್ನ ಮಗಳಿಗೆ ಎಷ್ಟು ತಿಂಗಳು?" ಎಂದರೆ "ಬುಧವಾರಕ್ಕೆ ತೋರಿಸಿದ್ದೇನೆ" ಎನ್ನುತ್ತಿದ್ದರು. ಗಂಡ ಹೊಡೆದರೂ "ಬುಧವಾರ ಬರಲಿ, ಹೇಳ್ತೀನಿ ಇರು" ಎಂದು ಹೆದರಿಸುತ್ತಿದ್ದ ಹೆಂಗಸರಿದ್ದರು.

ಆ ಬುಧವಾರದ ಡಾಕ್ಟರು ಹಮ್ಮೂದಾ ಎಂಬುವವರು. ಉದ್ದ ಮೂಗಿನ, ಮಾತು ಕಡಿಮೆಯ ಮನುಷ್ಯ. ಅವರದ್ದೊಂದು ಕಟ್ಟಳೆಯಿತ್ತು. ಯಾರೇ ಬಂದರೂ ಮನೆಯಲ್ಲಿರುವ ಮಾತ್ರೆ, ಪುಡಿ, ಎಣ್ಣೆ ಎಲ್ಲವನ್ನೂ ಒಂದು ಚೀಲದಲ್ಲಿ ಹಾಕಿ ತರಬೇಕು. ಮೇಜಿನ ಮೇಲೆ ಸುರಿಯಬೇಕು. "ಮೊದಲು ಚೀಲ, ಆಮೇಲೆ ಮಾತು" ಎನ್ನುತ್ತಿದ್ದರು. ಹೆಂಗಸರು ಅದಕ್ಕೆಂದೇ ಹಳೆ ಜಮಖಾನದ ತುಂಡುಗಳಿಂದ ಚೀಲ ಹೊಲಿದುಕೊಂಡರು. ಯಾರ ಚೀಲ ಎಷ್ಟು ಚೆಂದ ಎಂಬ ಪೈಪೋಟಿಯೂ ಹುಟ್ಟಿಕೊಂಡಿತು.

ತೆಬ್ರಾಳಿಗೆ ಸಕ್ಕರೆ ಕಾಯಿಲೆ. ಅವಳ ಚೀಲ ಸುರಿದಾಗ ಜೀರಿಗೆ, ಬೀಗದ ಕೈ, ಒಂದು ಗುಂಡಿ, ಅವಳ ಮಾತ್ರೆಗಳು, ಜೊತೆಗೆ ಇನ್ಯಾವುದೋ ಹಳೆಯ ಡಬ್ಬಿ.

"ಇದು ನಿಮ್ಮ ಗಂಡಂದಲ್ವಾ? ಅವರು ತೀರಿಕೊಂಡು ಎಷ್ಟು ಕಾಲ ಆಯ್ತು!" ಎಂದರು ಡಾಕ್ಟರು.

"ನೆನಪಿಗಿರ್ಲಿ ಅಂತ ಇಟ್ಕೊಂಡೆ ಡಾಕ್ಟ್ರೇ. ಒಳಗೆ ಇನ್ನೂ ಸ್ವಲ್ಪ ಉಳಿದಿದ್ವು. ಎಸೆಯೋಕೆ ಮನಸ್ಸು ಬರ್ಲಿಲ್ಲ, ಆಗಾಗ ಒಂದೊಂದು ತಗೋತೀನಿ."

"ನೆನಪು ಬಂದಾಗಲಾ?"

"ಹೂಂ. ಬೈದಿದ್ದು ನೆನಪಾದ್ರೆ ಅರ್ಧ, ಒಳ್ಳೇದು ನೆನಪಾದ್ರೆ ಪೂರ್ತಿ."

ಡಾಕ್ಟರು ನಗದೆ ಆ ಡಬ್ಬಿಯನ್ನು ಜೇಬಿಗೆ ಹಾಕಿಕೊಂಡರು. ಶೆದ್ಲಿಯಾ ಹೊರಗೆ ಹೋಗಿ ನಕ್ಕು ಬಂದಳು. ಹೀಗೆ ವಾರ ವಾರ ಚೀಲ ಸುರಿದು ಸುರಿದು ಎಷ್ಟು ಜೀವಗಳು ಉಳಿದವೋ ಹೇಳಲಾಗದು. ಉಳಿದ ಜೀವ ತಾನು ಉಳಿದೆನೆಂದು ಡಂಗುರ ಹೊಡೆಯುವುದಿಲ್ಲ. ಅದೇ ಇಂಥ ಕೆಲಸದ ದುರದೃಷ್ಟ.

ದವಾಖಾನೆಯ ಗೋಡೆಯಲ್ಲಿ ಒಂದು ಮೊಳೆ. ಅದರಲ್ಲಿ ದೇಶದ ಅಧ್ಯಕ್ಷರ ಫೋಟೊ. ಎಂಬತ್ತೇಳರ ಚಳಿಗಾಲದ ಹೊಸ್ತಿಲಲ್ಲಿ ಅಧ್ಯಕ್ಷರು ಬದಲಾದರು. ಊರಿನ ಉಮ್ದಾ ಅಮಾರ, ಅಂದರೆ ಸರ್ಕಾರವೇ ನೇಮಿಸಿದ ನಮ್ಮ ಊರಗೌಡ, ಕಂಕುಳಲ್ಲಿ ಹೊಸ ಫೋಟೊ ಇಟ್ಟುಕೊಂಡು ಬಂದ. ತೆಬ್ರಾ ಬೆಂಚಿನ ಮೇಲೆ ಕೂತಿದ್ದಳು.

"ಬುಧವಾರ ಇದೆ ತಾನೇ?" ಎಂದು ಕೇಳಿದಳು.

"ಇದೆ ಅತ್ತೆ, ಅದಕ್ಕೇನಾಗಿದೆ?"

"ಹಾಗಾದ್ರೆ ಯಾರನ್ನ ಬೇಕಾದ್ರೂ ತಗಲಾಕು. ಮೊಳೆ ಮಾತ್ರ ಗಟ್ಟಿಯಾಗಿ ಹೊಡಿ, ಕೆಳಗೆ ಮಕ್ಕಳು ಮಲಗಿರ್ತವೆ."

ಎರಡು ಸಾವಿರದ ಹನ್ನೊಂದರಲ್ಲಿ ದೇಶವೇ ದಂಗೆಯೆದ್ದು ಆ ಫೋಟೊವೂ ಇಳಿಯಿತು. ಹುಡುಗರು ಅದರ ಗಾಜು ಒಡೆದರು. ಮೊಳೆ ಮಾತ್ರ ಉಳಿಯಿತು. ಆ ವಾರ ಪಟ್ಟಣದ ರಸ್ತೆಯುದ್ದಕ್ಕೂ ಟೈರುಗಳು ಉರಿಯುತ್ತಿದ್ದವು. ಹಮ್ಮೂದಾ ಡಾಕ್ಟರು ಕಾರನ್ನು ದೂರದಲ್ಲೇ ಬಿಟ್ಟು ನಡೆದು ಬಂದರು. ತಡೆಗೋಡೆ ಕಾಯುತ್ತಿದ್ದ ಹುಡುಗರು "ಎಲ್ಲಿಗೆ?" ಎಂದು ಅಡ್ಡಗಟ್ಟಿದರು. "ಇವತ್ತು ಬುಧವಾರ ಅಲ್ವೇನಪ್ಪಾ," ಎಂದರಂತೆ ಅವರು. ಹುಡುಗರು ಉರಿಯುವ ಟೈರನ್ನು ಕೋಲಿನಿಂದ ಸರಿಸಿ ದಾರಿ ಬಿಟ್ಟರು. ಆ ಕೋಲು ಹಿಡಿದವನಿಗೆ ಮೊದಲ ಲಸಿಕೆ ಹಾಕಿದವಳು ಶೆದ್ಲಿಯಾ. ಅಂದು ಅವರ ಕೋಟಿನಲ್ಲಿ ಸುಟ್ಟ ರಬ್ಬರಿನ ವಾಸನೆ. ತೆಬ್ರಾ ಮೂಗು ಮುಚ್ಚಿಕೊಂಡೇ ಚೀಲ ಸುರಿದಳು.

ರಾಜ್ಯ ಬದಲಾದರೂ ಬುಧವಾರ ಬದಲಾಗಲಿಲ್ಲವಲ್ಲ ಎಂದು ಶೆದ್ಲಿಯಾ ಹೆಮ್ಮೆಪಟ್ಟಳು. ಪಾಪ, ಬೆಂಕಿಯನ್ನು ದಾಟಿದ ಬುಧವಾರ ಹಾರ-ತುರಾಯಿಯ ಕೈಯಲ್ಲಿ ಸಾಯುತ್ತದೆಂದು ಅವಳಿಗೆ ಹೇಗೆ ಗೊತ್ತಾಗಬೇಕು!

ಆಮೇಲಿನ ಕಾಲದಲ್ಲಿ ಮಂತ್ರಿಗಳು ಬಂದರು, ಹೋದರು. ಒಬ್ಬನ ಹೆಸರು ನಾಲಗೆಗೆ ಹೊಂದುವಷ್ಟರಲ್ಲಿ ಇನ್ನೊಬ್ಬ ಕೂತಿರುತ್ತಿದ್ದ. ಪ್ರತಿಯೊಬ್ಬನಿಗೂ ತನ್ನದೇ ಹೊಸ ಯೋಜನೆ, ಹಿಂದಿನವನದೆಲ್ಲ ಹಳಸಿದ್ದು. ಹಮ್ಮೂದಾ ಡಾಕ್ಟರು ನಿವೃತ್ತರಾದರು. ಅವರ ಜಾಗಕ್ಕೆ ಬಂದ ಹುಡುಗ ಡಾಕ್ಟರನೂ ಒಳ್ಳೆಯವನೇ. ಚೀಲ ಸುರಿಸುವ ಕಟ್ಟಳೆಯನ್ನು ಶೆದ್ಲಿಯಾಳಿಂದ ಕಲಿತು ನಡೆಸಿಕೊಂಡು ಹೋಗುತ್ತಿದ್ದ. ಇಷ್ಟರಲ್ಲಿ ಹದಿನಾಲ್ಕರ ಚುನಾವಣೆ ಬಂತು. ಅದರ ಜೊತೆಗೇ ಖಾಫಿಲಾ ಬಂತು.

ಖಾಫಿಲಾ ಎಂದರೆ ಹಿಂದೆ ನಮ್ಮಲ್ಲಿ ಒಂಟೆಗಳ ಸಾಲು. ಈಗ ಅದು ಬಿಳಿ ವ್ಯಾನುಗಳ ಸಾಲು: ರಾಜಧಾನಿಯ ತಜ್ಞ ವೈದ್ಯರು, ಡೇರೆಗಳು, ಬಾವುಟಗಳು, ಮೈಕು, ಫೋಟೊ ತೆಗೆಯುವವರು. ಕರೆತಂದವನು ಹಾತಿಮ್ ಎಂಬ ಅಭ್ಯರ್ಥಿ. ಅವನ ತಾತ ನಮ್ಮ ಸೀಮೆಯವನಂತೆ. ಅವನ ಬೂಟು ಮಾತ್ರ ನಮ್ಮ ಮಣ್ಣನ್ನು ಅಂದೇ ಮೊದಲು ನೋಡಿದ್ದು.

ಶೆದ್ಲಿಯಾಳಷ್ಟು ಸಂತೋಷಪಟ್ಟವರು ಅಂದು ಯಾರೂ ಇರಲಿಲ್ಲ. ಕಣ್ಣಿನ ಡಾಕ್ಟರನ್ನು ಕಳಿಸಿ ಎಂದು ಅವಳು ಎಷ್ಟು ವರ್ಷದಿಂದ ಬೇಡಿದ್ದಳೋ! ತಾನೇ ಮುಂದೆ ನಿಂತು ಕುರಿ ಕಡಿಸಿದಳು. ಶಾಲೆಯ ಅಂಗಳದಲ್ಲಿ ಹಂಡೆ ಹಂಡೆ ರವೆಯ ಕುಸ್ಕುಸ್ ಹಬೆಯಾಡಿತು. ಅತಿಥಿಗಳು ಬೆರಳು ಚೀಪಿಕೊಂಡು ಉಂಡರು. ಮೂವತ್ತು ವರ್ಷ ಬಂದು ಹೋದ ಹಮ್ಮೂದಾ ಡಾಕ್ಟರಿಗೆ ಊರು ಒಂದು ಸಲವೂ ಕುರಿ ಕಡಿದಿರಲಿಲ್ಲ ಎಂಬುದು ಅಂದು ಯಾರಿಗೂ ಹೊಳೆಯಲಿಲ್ಲ. ವಾರ ವಾರ ಬರುವವನು ಮನೆಯವನಲ್ಲವೇ. ಅವನಿಗೆ ರೊಟ್ಟಿ, ಆಲಿವ್ ಎಣ್ಣೆ, ಒಂದು ಲೋಟ ಚಹಾ ಸಾಕು.

ತೆಬ್ರಾಳನ್ನು ನೋಡಿದವಳು ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರಮ್ಮ. ರಕ್ತ ಪರೀಕ್ಷೆ ಮಾಡಿ, "ಸಕ್ಕರೆ ಇದೆ ಅಜ್ಜಿ. ಈಗ ಯಾವ ಮಾತ್ರೆ ತಗೋತಿದ್ದೀರಿ?" ಎಂದು ಕೇಳಿದಳು.

"ಏನೂ ಇಲ್ಲ ಮಗಳೇ," ಎಂದಳು ತೆಬ್ರಾ.

ಅವಳ ಜಮಖಾನದ ಚೀಲ ಮನೆಯ ಗೂಟದಲ್ಲಿ ನೇತಾಡುತ್ತಿತ್ತು. ಆದರೆ ಅಷ್ಟು ದೂರದಿಂದ ಬಂದ ಅತಿಥಿ ಕೈಯಾರೆ ಕೊಡಲು ಹೊರಟಾಗ "ನನ್ನ ಹತ್ತಿರ ಇದೆ" ಎನ್ನುವುದುಂಟೇ? ಅದು ಕೊಟ್ಟದ್ದನ್ನು ಮುಖಕ್ಕೆ ಎಸೆದ ಹಾಗೆ. ನಮ್ಮಲ್ಲಿ ಯಾವ ಮುದುಕಿಯೂ ಆ ಮಾತು ಆಡುವುದಿಲ್ಲ. ಡಾಕ್ಟರಮ್ಮ ಹಸಿರು ಡಬ್ಬಿಗಳನ್ನು ಕೊಟ್ಟಳು. ತೆಬ್ರಾ ಅವಳ ಹಣೆಗೆ ಮುತ್ತಿಟ್ಟು ಇಸಿದುಕೊಂಡಳು.

ಮರುದಿನದಿಂದ ಅವಳು ಎರಡನ್ನೂ ನುಂಗತೊಡಗಿದಳು. ಕೆಂಪು ಡಬ್ಬಿಯದು ಬುಧವಾರದ್ದು, ಹಸಿರು ಡಬ್ಬಿಯದು ಅತಿಥಿಯದು. ಒಂದನ್ನು ಬಿಟ್ಟರೆ ಒಬ್ಬರಿಗೆ ಅವಮಾನ. ಎರಡೂ ಒಂದೇ ಔಷಧ, ಕಂಪನಿ ಬೇರೆ, ಹೆಸರು ಬೇರೆ ಎಂದು ಅವಳಿಗೆ ಯಾರು ಹೇಳಬೇಕಿತ್ತು?

ಬುಧವಾರ ಹೇಳಬೇಕಿತ್ತು. ಚೀಲ ಮೇಜಿನ ಮೇಲೆ ಬಿದ್ದಿದ್ದರೆ ಕೆಂಪು, ಹಸಿರು ಎರಡೂ ಅಕ್ಕಪಕ್ಕ ಕೂತು ತಾವೇ ಹೇಳುತ್ತಿದ್ದವು. ಆದರೆ ಬುಧವಾರ ಎಲ್ಲಿತ್ತು? ಖಾಫಿಲಾದ ಜೊತೆ ಮೆರವಣಿಗೆ ಹೊರಟಿತ್ತು! ಉಳಿದ ಹಳ್ಳಿಗಳಲ್ಲೂ ಡೇರೆ ತುಂಬಬೇಕಲ್ಲ. ಅದಕ್ಕಾಗಿ ಹುಡುಗ ಡಾಕ್ಟರನನ್ನೂ ಅವನ ಕಾರನ್ನೂ ಜೊತೆಗೆ ಶೆದ್ಲಿಯಾಳನ್ನೂ ಚುನಾವಣೆ ಮುಗಿಯುವ ತನಕ ಖಾಫಿಲಾಗೆ ಒಪ್ಪಿಸಬೇಕೆಂದು ಮೇಲಿನಿಂದ ಆಜ್ಞೆ ಬಂದಿತ್ತು. ದವಾಖಾನೆಗೆ ಬೀಗ ಬಿತ್ತು. ದಿನವೂ ಉರಿಯುವ ಒಲೆಯನ್ನು ಆರಿಸಿ, ಆ ಸೌದೆಯಿಂದ ಒಂದು ದಿನದ ಮತಾಪು ಹಚ್ಚಿದರು. ಇದಕ್ಕೆ 'ಆರೋಗ್ಯ ಸೇವೆ' ಎಂದು ಹೆಸರಿಟ್ಟರು. ಎಂಥ ಸೇವೆ! ಯಾರ ಆರೋಗ್ಯ!

ಒಂದು ಬೆಳಿಗ್ಗೆ ತೆಬ್ರಾ ಒಲೆಯ ಬಳಿ ರೊಟ್ಟಿ ಅಂಟಿಸುತ್ತಿದ್ದಾಗ ಸಕ್ಕರೆ ಪಾತಾಳಕ್ಕಿಳಿದು ಪ್ರಜ್ಞೆ ತಪ್ಪಿತು. ಬಿದ್ದಾಗ ಬಲಗೈ ಒಲೆಯ ಬಾಯೊಳಗಿತ್ತು. ನೆರೆಯವರು ವಾಸನೆ ಹಿಡಿದು ಓಡಿಬಂದರು; ರೊಟ್ಟಿ ಸೀದಿದೆ ಎಂದುಕೊಂಡಿದ್ದರಂತೆ.

ಶೆದ್ಲಿಯಾ ಸುದ್ದಿ ಕೇಳಿ ಪಟ್ಟಣದ ಆಸ್ಪತ್ರೆಗೆ ಓಡಿದಳು. ಜೀವ ಉಳಿದಿತ್ತು. ಕೈ ಬ್ಯಾಂಡೇಜಿನೊಳಗೆ ಮುದುಡಿತ್ತು. ಮನೆಗೆ ಬಂದು ಗೂಟದಿಂದ ಚೀಲ ತೆಗೆದು ಚಾಪೆಯ ಮೇಲೆ ಸುರಿದಳು. ಕೆಂಪು ಡಬ್ಬಿ, ಹಸಿರು ಡಬ್ಬಿ. ಎರಡರ ಮೇಲಿನ ಸಣ್ಣ ಅಕ್ಷರ ಓದಿದಳು: ಒಂದೇ ಔಷಧ. ಆ ಕುರಿಗೆ ಉಪ್ಪು-ಖಾರ ಹಚ್ಚಿದ ಕೈ ತನ್ನದೇ ಎಂಬುದು ಅವಳನ್ನು ಒಳಗೊಳಗೇ ಸುಟ್ಟಿತು.

ಚುನಾವಣೆ ಮುಗಿಯಿತು. ಹಾತಿಮ್ ಗೆದ್ದ. ಬುಧವಾರ ಮಾತ್ರ ಮರಳಲಿಲ್ಲ. ಶೆದ್ಲಿಯಾ ಪಟ್ಟಣದ ಆರೋಗ್ಯ ಇಲಾಖೆಯ ಆಫೀಸಿಗೆ ಹೋದಳು. ಕುರ್ಚಿಯಲ್ಲಿ ಹೊಸ ಅಧಿಕಾರಿ.

"ನಿಮ್ಮ ಊರಿಗೇನಮ್ಮ ಕೊರತೆ? ಹೃದಯದವರು, ಕಣ್ಣಿನವರು, ಎಲ್ಲಾ ದೊಡ್ಡ ಡಾಕ್ಟ್ರು ಬಂದು ನೋಡಿ ಹೋಗಿದ್ದಾರಲ್ಲ. ಈ ವರ್ಷದ್ದು ನಿಮ್ದು ಮುಗೀತು."

"ಮುಗೀತು ಅಂದ್ರೆ? ಕಾಯಿಲೆ ಮುಗೀತಾ ಸಾರ್?"

"ಹಾಗಲ್ಲ. ಇರೋ ಡಾಕ್ಟ್ರು ಕಡಿಮೆ, ಬೇರೆ ಊರುಗಳಿಗೂ ಹಂಚಬೇಕು. ಹೊಸ ಮಂತ್ರಿಗಳು ಹೊಸ ನೀತಿ ಮಾಡ್ತಿದಾರೆ. ಸ್ವಲ್ಪ ಕಾಯಿರಿ."

"ಸಾರ್, ನಿಮ್ಮ ಮನೇಲಿ ಮದುವೆ ಊಟ ಆಯ್ತು ಅಂತ ಮರುದಿನದಿಂದ ಒಲೆ ಹಚ್ಚೋದು ಬಿಟ್ಟುಬಿಡ್ತೀರಾ?"

"ನರ್ಸು ನರ್ಸಿನ ಹಾಗಿರಬೇಕು," ಎಂದ ಅಧಿಕಾರಿ. "ಗಾದೆ ಹೇಳೋಕೆ ಸಂಬಳ ಕೊಡ್ತಿಲ್ಲ."

ಅವಳು ಮತ್ತೆ ಹೋದಾಗ ಆ ಅಧಿಕಾರಿ ಇರಲಿಲ್ಲ. ಅವನ ಜಾಗದಲ್ಲಿದ್ದವನು "ಅದು ಹಿಂದಿನವರ ಕಾಲದ್ದು, ನನಗೆ ಗೊತ್ತಿಲ್ಲ" ಎಂದ. ಇನ್ನೊಮ್ಮೆ ಹೋದಾಗ ಅವನೂ ಹಿಂದಿನವನಾಗಿದ್ದ. ಒಬ್ಬ ನೆಟ್ಟದ್ದನ್ನು ಇನ್ನೊಬ್ಬ ಕಿತ್ತು, ಬೇರು ಹಿಡಿಯಲಿಲ್ಲವೆಂದು ಮತ್ತೊಬ್ಬ ಮಣ್ಣಿಗೇ ಬೈಯುವ ಕಾಲವದು. ಕಾದು ಕಾದು ಹುಡುಗ ಡಾಕ್ಟರ ಜರ್ಮನಿಗೆ ಹೊರಟುಹೋದ. ಅವನನ್ನು ಬೈಯುವವರು ಬೈಯಲಿ. ಕೂರಲು ಕುರ್ಚಿಯಿಲ್ಲದವನು ಎಷ್ಟು ದಿನ ನಿಂತಾನು?

ದವಾಖಾನೆಯಲ್ಲಿ ಉಳಿದವರು ಶೆದ್ಲಿಯಾ ಮತ್ತು ಮೊಳೆ. ಗಾಯಕ್ಕೆ ಪಟ್ಟಿ, ಮಗುವಿಗೆ ಲಸಿಕೆ: ಅಷ್ಟು ಅವಳ ಕೈಯಲ್ಲಿತ್ತು, ಅದನ್ನು ಬಿಡದೆ ಮಾಡಿದಳು. ಚೀಲಗಳನ್ನು ಸುರಿಸಿ ನೋಡುತ್ತಿದ್ದಳು. ಆದರೆ ಮಾತ್ರೆ ಬದಲಿಸಬೇಕೆಂದರೆ, ಹೆಚ್ಚು ಕಡಿಮೆ ಮಾಡಬೇಕೆಂದರೆ ಡಾಕ್ಟರೇ ಬೇಕು. ಅದಕ್ಕಾಗಿ ಮುದುಕಿಯರು ಪಿಕಪ್ ಗಾಡಿಯ ಹಿಂದೆ ಕುರಿಗಳ ಜೊತೆ ನಿಂತು ಪಟ್ಟಣಕ್ಕೆ ಹೋಗಬೇಕಾಯಿತು. ಹೋಗಲಾಗದವರು ಹೋಗಲಿಲ್ಲ; ಹೋಗದವರಲ್ಲಿ ಕೆಲವರು ಎರಡು ವರ್ಷದೊಳಗೆ ಹೋಗಿಯೇಬಿಟ್ಟರು.

ಹತ್ತೊಂಬತ್ತರಲ್ಲಿ ಮತ್ತೆ ಚುನಾವಣೆ. ಉಮ್ದಾ ಅಮಾರ ಊರೆಲ್ಲ ಸಾರಿದ: ಖಾಫಿಲಾ ಬರುತ್ತದೆ. ಫೋಟೊಗಳು ಬದಲಾದರೂ ಅಮಾರ ಬದಲಾಗಿರಲಿಲ್ಲ. ಅವನ ಮೀಸೆ ಮಾತ್ರ ಬೆಳ್ಳಗಾಗಿತ್ತು. ಕರೆತರುವವನು ಅದೇ ಹಾತಿಮ್, ಈ ಸಲ ಬೇರೆ ಪಕ್ಷದಿಂದ.

ಅಮಾರ ಶೆದ್ಲಿಯಾಳ ಮನೆ ಬಾಗಿಲಿಗೆ ಬಂದ. "ಕುರಿ ಈ ಸಲ ಯಾರ ಹಿಂಡಿಂದು ನರ್ಸಮ್ಮ? ಹೋದ ಸಲದ್ದು ಸ್ವಲ್ಪ ಸಣ್ಣದಾಯ್ತು."

"ಈ ಸಲ ಕುರಿ ಇಲ್ಲ ಅಮಾರಣ್ಣ."

"ಕುರಿ ಇಲ್ಲ ಅಂದ್ರೆ ಕೋಳಿನಾ? ಛೆ, ಊರಿನ ಮಾನ!"

"ಕೋಳೀನೂ ಇಲ್ಲ. ಚಹಾನೂ ಇಲ್ಲ."

ಅಮಾರ ಹೊಸ್ತಿಲಲ್ಲೇ ಕುಸಿದ. "ತಲೆ ಕೆಟ್ಟಿದೆಯೇನೇ ತಾಯಿ ನಿಂಗೆ? ನಮ್ಮ ಬಾಗಿಲಿಗೆ ಬಂದವರನ್ನ ಹಸಿದು ಕಳಿಸೋದಾ? ನಮ್ಮಪ್ಪಂದಿರ ಗೋರಿ ಅಲ್ಲಾಡತ್ತೆ. ಮತ್ತೆ ನೀನು ಸರ್ಕಾರಿ ನೌಕರಳು. ಇನ್ನೊಂದು ವರ್ಷಕ್ಕೆ ಪಿಂಚಣಿ. ಹಾತಿಮ್ ಒಂದು ಫೋನ್ ಮಾಡಿದ್ರೆ ಅದೂ ಹೋಯ್ತು."

ಪಿಂಚಣಿಯ ಮಾತು ಶೆದ್ಲಿಯಾಳಿಗೆ ಭಾರವೇ ಆಗಿತ್ತು. ಅದಕ್ಕಿಂತ ಭಾರವಾದದ್ದು ಮೊದಲಿನ ಮಾತು. ಹಸಿದು ಕಳಿಸುವುದು ಹೇಗೆ? ಊರು ಒಪ್ಪುವುದಿಲ್ಲ, ತನ್ನ ಕೈಯೇ ಒಪ್ಪುವುದಿಲ್ಲ. ಉಂಡರೆ ಅವರು ಅತಿಥಿಗಳು. ಅತಿಥಿಗಳಾದರೆ ಕೊಟ್ಟದ್ದನ್ನು ಒಲ್ಲೆ ಎನ್ನುವಂತಿಲ್ಲ. ಊರೆಲ್ಲ ಮತ್ತೆ ಹಸಿರು ಡಬ್ಬಿ ಹಿಡಿದು ಕ್ಯಾಮೆರಾಕ್ಕೆ ನಗುತ್ತದೆ. "ಐನ್ ರೆತ್ಮದ್ದು ಮುಗೀತು" ಎಂದು ಮತ್ತೆ ಐದು ವರ್ಷಕ್ಕೆ ಬಾಗಿಲು ಹಾಕುತ್ತಾರೆ.

ಅಂದು ಸಂಜೆ ಒಲೆಯ ಸುತ್ತ ಹೆಂಗಸರು ಸೇರಿದ್ದಾಗ ಅವಳು ಇದನ್ನೆಲ್ಲ ಬಾಯಿಬಿಟ್ಟು ಹೇಳಿದಳು. ಗಂಟನ್ನು ಬಿಡಿಸಿದವಳು ತೆಬ್ರಾ. ಮುದುಡಿದ ಬೆರಳುಗಳ ಮೇಲೆ ಹಿಟ್ಟಿನ ಉಂಡೆಯಿಟ್ಟು ಎಡಗೈಯಿಂದ ತಟ್ಟುತ್ತ ಅವಳು ಹೇಳಿದಳು:

"ಅತಿಥಿ ಅಂದ್ರೆ ಯಾರೇ? ಉಪ್ಪು ತಿಂದವನು. ಉಪ್ಪು ತಿನ್ನದೆ ಹೋದವನು ದಾರಿಹೋಕ. ದಾರಿಹೋಕ ಏನಾದ್ರೂ ಕೊಟ್ರೆ ಒಲ್ಲೆ ಅನ್ನೋದ್ರಲ್ಲಿ ಯಾವ ದೋಷಾನೂ ಇಲ್ಲ. ನಮ್ಮಜ್ಜಿ ಹಾಗೇ ಹೇಳ್ತಿದ್ಲು. ಉಪ್ಪೇ ಕೊಡ್ಬೇಡ್ರಿ. ಮುಗೀತು."

"ಹಸಿದು ಬೀಳ್ತಾರೆ ಅತ್ತೆ, ಪಾಪ," ಎಂದಳೊಬ್ಬಳು.

"ವ್ಯಾನಿನ ತುಂಬ ಬಿಸ್ಕತ್ತು ಇರ್ತಾವೆ ಬಿಡೇ. ನಾನು ಹೋದ ಸಲ ಎರಡು ಪೊಟ್ಟಣ ಎತ್ಕೊಂಡಿದ್ದೆ."

ಕಣ್ಣು ಮಂಜಾಗಿದ್ದ ನೇಯ್ಗೆಯ ಸಾಲ್ಮಾಳ ಕಡೆಗೆ ತಿರುಗಿ ಶೆದ್ಲಿಯಾ, "ನೀನು ಮಾತ್ರ ಹೋಗು ಸಾಲ್ಮಾ. ಕಣ್ಣಿಂದು ಬುಧವಾರದ ಕೈಲಿ ಆಗೋದಲ್ಲ," ಎಂದಳು.

"ಹೋಗಿ?" ಎಂದಳು ಸಾಲ್ಮಾ. "ಹೋದ ಸಲ ದೀಪ ಬಿಟ್ಟು ನೋಡಿ 'ಆಪರೇಷನ್ ಆಗ್ಬೇಕು' ಅಂದ್ರು. ಅದು ನಂಗೂ ಗೊತ್ತಿತ್ತು. ಎಲ್ಲಿ, ಯಾವತ್ತು, ಯಾರು ಅಂತ ಕೇಳೋಕೆ ಮರುದಿನ ಬಂದ್ರೆ ಮೈದಾನದಲ್ಲಿ ಬರೀ ಗೂಟದ ಗುಂಡಿ. ನಾನೂ ಹೋಗಲ್ಲ."

ಖಾಫಿಲಾ ಬಂತು. ಡೇರೆಗಳು ಎದ್ದವು, ಮೈಕು ಹಾಡಿತು. ಊರಿನವರು ಶಾಲೆಯ ಗೋಡೆಯ ನೆರಳಿನಲ್ಲಿ ಸಾಲಾಗಿ ಕೂತರು. ಸಲಾಮಿಗೆ ಸಲಾಮು ಹೇಳಿದರು. ಅಷ್ಟೇ. ಯಾರೂ ಡೇರೆಯ ಕಡೆ ಏಳಲಿಲ್ಲ. ಯಾವ ಮನೆಯ ಒಲೆಯಿಂದಲೂ ಹೊಗೆಯೇಳಲಿಲ್ಲ. ಬಂದವರಲ್ಲಿ ಹಳಬರು ಮೂಗು ಎತ್ತಿ ಗಾಳಿ ಮೂಸಿದರು. ಕುರಿಯ ಮಾಂಸದ ವಾಸನೆಯಿಲ್ಲ.

ಮಧ್ಯಾಹ್ನವಾಯಿತು. ಹಾತಿಮ್ ಮೈಕು ಕೆಳಗಿಟ್ಟು ಬಂದ. ಮುಖದಲ್ಲಿ ನಗು, ಹಲ್ಲಿನಲ್ಲಿ ಸಿಟ್ಟು. "ಏನಮ್ಮ ನರ್ಸಮ್ಮ, ಜನರನ್ನ ಎಬ್ಬಿಸ್ಬಾರ್ದಾ? ಇಷ್ಟು ದೊಡ್ಡ ಡಾಕ್ಟ್ರುಗಳು ಕಾಯ್ತಿದಾರೆ."

"ನಾವು ಐದು ವರ್ಷದಿಂದ ಕಾಯ್ತಿದೀವಿ ಸಾರ್. ಅವರು ಸಂಜೆ ತನಕ ಕಾಯಲಿ," ಎಂದಳು ಶೆದ್ಲಿಯಾ. ನಿಂತ ಜಾಗ ಬಿಡಲಿಲ್ಲ.

"ನಿಮಗೆಲ್ಲ ಏನು ಬೇಕು ಹೇಳಿ. ಇನ್ನೂ ದೊಡ್ಡ ಖಾಫಿಲಾ ತರಿಸ್ತೀನಿ!"

ಗೋಡೆಯ ಬುಡದಿಂದ ತೆಬ್ರಾಳ ಧ್ವನಿ ಬಂತು. "ಹೋದ ಸಲ ಬಂದಾಗ ನಿನ್ನ ಬಾವುಟ ನೀಲಿ ಇತ್ತು ಮಗಾ, ಈ ಸಲ ಕಿತ್ತಳೆ. ಮುಂದಿನ ಸಲ ಯಾವುದೋ. ನಿನ್ನ ಬಣ್ಣ ನೀನು ನೋಡ್ಕೋ. ನಮಗೆ ಬುಧವಾರ ಕೊಡು."

"ಬುಧವಾರ?" ಎಂದು ಹಾತಿಮ್ ಸುತ್ತ ನೋಡಿದ. ಅವನಿಗೆ ಅರ್ಥವೇ ಆಗಲಿಲ್ಲ! ಆರೋಗ್ಯದ ಹೆಸರಿನಲ್ಲಿ ಎರಡು ಸಲ ಓಟು ಕೇಳಲು ಬಂದವನಿಗೆ ಆ ಒಂದು ಮಾತು ಏನೆಂದು ಗೊತ್ತಿರಲಿಲ್ಲ.

ಅಷ್ಟರಲ್ಲಿ ಡೇರೆಯೊಳಗಿಂದ ಒಬ್ಬ ಡಾಕ್ಟರಮ್ಮ ಹೊರಬಂದಳು. ಹೋದ ಸಲದವಳೇ, ಈಗ ಕನ್ನಡಕ ಬಂದಿತ್ತು. ತೆಬ್ರಾಳ ಎದುರು ಕುಕ್ಕರಗಾಲಲ್ಲಿ ಕೂತು ಕೈ ಹಿಡಿದಳು. "ಇದೇನಾಯ್ತು ಅಜ್ಜಿ?"

"ನೀನು ಕೊಟ್ಟ ಮಾತ್ರೆ, ಬುಧವಾರದ ಮಾತ್ರೆ ಎರಡೂ ಹೊಟ್ಟೇಲಿ ಜಗಳ ಆಡಿದ್ವು ಮಗಳೇ. ಗೆದ್ದದ್ದು ಒಲೆ."

"ಏನೂ ತಗೋತಿಲ್ಲ ಅಂದಿದ್ರಿ ಅವತ್ತು! ನಾನು ಕೇಳಿದ್ದೆ!"

"ನೀನು ಕೇಳಿದ್ದೆ, ಹೂಂ. ನಮ್ಮ ಉಪ್ಪು ತಿಂದು ಕೂತಿದ್ದೆಯಲ್ಲ, ನೀನು ಕೊಟ್ಟಿದ್ದನ್ನ ಒಲ್ಲೆ ಅಂತ ಹೇಗೆ ಹೇಳ್ಲಿ? ನಿನ್ನ ತಪ್ಪಲ್ಲ ಬಿಡು. ನೀನು ಮರುವಾರ ಬಂದಿದ್ರೆ ನಿಜ ಹೇಳ್ತಿದ್ದೆ. ಒಂದೇ ಸಲ ಬರೋರ ಹತ್ರ ಯಾರು ನಿಜ ಹೇಳ್ತಾರೆ?"

ಡಾಕ್ಟರಮ್ಮ ಆ ಕೈಯನ್ನು ಹಿಡಿದುಕೊಂಡೇ ಕೂತಳು. ಆಮೇಲೆ ಎದ್ದು ಡೇರೆಯೊಳಗೆ ಹೋಗಿ ಔಷಧದ ಪೆಟ್ಟಿಗೆಗಳನ್ನು ಒಂದೊಂದಾಗಿ ಮುಚ್ಚತೊಡಗಿದಳು. ಉಳಿದ ಡಾಕ್ಟರುಗಳೂ ಮುಚ್ಚಿದರು. ಕ್ಯಾಮೆರಾದವನು ಮಾತ್ರ ಖಾಲಿ ಕುರ್ಚಿಗಳನ್ನೂ ಗೋಡೆಯ ಸಾಲನ್ನೂ ಬಿಡದೆ ತೆಗೆಯುತ್ತಿದ್ದ. ಅದನ್ನು ಕಂಡ ಹಾತಿಮ್ ಮೈಕು ಎತ್ತಿಕೊಂಡು "ಐನ್ ರೆತ್ಮಕ್ಕೆ ಬುಧವಾರ ವಾಪಸ್ ಬರುತ್ತೆ, ಇದು ನನ್ನ ಮಾತು!" ಎಂದು ಕೂಗಿದ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಅಮಾರ ಒಬ್ಬ ತಟ್ಟಲು ಹೊರಟು, ಸುತ್ತ ನೋಡಿ, ಅಂಗೈಯ ಧೂಳು ಕೊಡವಿಕೊಂಡ.

ಬುಧವಾರ ಬಂತು. ಚುನಾವಣೆಗೆ ಮೊದಲೇ ಬಂತು, ಅಷ್ಟು ಸುಲಭವಿತ್ತಂತೆ ಅದು! ಐದು ವರ್ಷ ಇಲ್ಲದ ಡಾಕ್ಟರು ಒಂದು ವಾರದಲ್ಲಿ ಸಿಕ್ಕಿದರು. ಅದರ ಹಿಂದೆಯೇ ಶೆದ್ಲಿಯಾಳಿಗೆ ಶಿಸ್ತು ಕ್ರಮದ ನೋಟೀಸೂ ಬಂತು. ಕೊನೆಯ ವರ್ಷವನ್ನು ಅವಳು ಪಟ್ಟಣದ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದ ಉಸ್ತುವಾರಿಯಲ್ಲಿ ಕಳೆದಳು. ಪಿಂಚಣಿ ಉಳಿಯಿತು. ಊರಿಗೆ ಬಂದ ಹೊಸ ಡಾಕ್ಟರಮ್ಮನಿಗೆ ಚೀಲದ ಕಟ್ಟಳೆಯನ್ನು 'ಹೀಗೆ ಸುರಿಬೇಕು' ಎಂದು ಕಲಿಸಿದವಳು ತೆಬ್ರಾ. ಎರಡು ಚಳಿಗಾಲ ಕಳೆದ ಮೇಲೆ ತೆಬ್ರಾ ತೀರಿಕೊಂಡಳು, ಹಾಸಿಗೆಯಲ್ಲಿ, ತನ್ನ ವಯಸ್ಸಿಗೆ ತಕ್ಕ ಸಾವು.

ಬಂದ ಬುಧವಾರ ನಿಂತಿತೇ ಎಂದರೆ, ಇಲ್ಲ. ಮಂತ್ರಿ ಬದಲಾದಾಗ ಒಮ್ಮೆ ತಪ್ಪಿತು. ಕಾರಿಗೆ ಪೆಟ್ರೋಲಿಲ್ಲವೆಂದು ಒಮ್ಮೆ ತಪ್ಪಿತು. ಹೊಸ ನೀತಿಯ ತರಬೇತಿಯೆಂದು ಇನ್ನೊಮ್ಮೆ. ಒಂದು ಸಲ ತಪ್ಪಿದರೆ ಮರುವಾರ ಯಾರೂ ಕೇಳುವುದಿಲ್ಲ, ಕೇಳದಿದ್ದರೆ ಅದೇ ರೂಢಿಯಾಗುತ್ತದೆ ಎಂದು ಶೆದ್ಲಿಯಾ ಪೆಟ್ಟು ತಿಂದು ಕಲಿತಿದ್ದಾಳೆ.

ಈಗ ಅವಳಿಗೆ ವಯಸ್ಸಾಗಿದೆ, ಮಂಡಿ ನೋವಿದೆ. ಆದರೂ ಪ್ರತಿ ಬುಧವಾರ ಬೆಳಿಗ್ಗೆ ಹಿಟ್ಟು ನಾದಿ, ಒದ್ದೆ ಬಟ್ಟೆ ಮುಚ್ಚಿಟ್ಟು, ಕೂಡುರಸ್ತೆಯ ಕಲ್ಲಿನ ಮೇಲೆ ಬಂದು ಕೂರುತ್ತಾಳೆ. ಅವಳ ಹಿಂದೆ ಜಮಖಾನದ ಚೀಲಗಳನ್ನು ತೂಗಾಡಿಸಿಕೊಂಡು ಹೆಂಗಸರು ಬರುತ್ತಾರೆ. ಬಿಳಿ ಕಾರು ಕಂಡರೆ ಎದ್ದು ಮನೆಗೆ ಹೋಗಿ ಒಲೆ ಹೊತ್ತಿಸುತ್ತಾಳೆ. ಡಾಕ್ಟರಮ್ಮನಿಗೆ ಬಿಸಿ ರೊಟ್ಟಿ, ಆಲಿವ್ ಎಣ್ಣೆ, ಒಂದು ಲೋಟ ಚಹಾ.

ಕಾರು ಬಾರದಿದ್ದರೆ ಪಿಕಪ್ ಗಾಡಿಗೆ ಕೈ ಅಡ್ಡ ಹಿಡಿಯುತ್ತಾಳೆ. ಎಲ್ಲರೂ ಹತ್ತುತ್ತಾರೆ. ಪಟ್ಟಣದ ಆಫೀಸಿನಲ್ಲಿ ಅಧಿಕಾರಿಯ ಮೇಜಿನ ಎದುರು ನಿಂತು ಅವಳು ಹೆಚ್ಚು ಮಾತಾಡುವುದಿಲ್ಲ.

"ಸುರೀರಿ," ಎನ್ನುತ್ತಾಳೆ ಹಿಂದೆ ತಿರುಗಿ.

ಹೆಂಗಸರು ಅಧಿಕಾರಿಯ ಮೇಜಿನ ಮೇಲೆ ಒಬ್ಬೊಬ್ಬರಾಗಿ ಚೀಲ ಸುರಿಯುತ್ತಾರೆ.